ಗಡಿಯಾರದವನು ಬಡಿದ ಚಿಮಟ

ನನ್ನ ಹೆಂಡತಿ ಯಾವುದನ್ನೂ ಸುಮ್ಮನೆ ನಂಬುವವಳಲ್ಲ. ಸಂಜೆ ಮಳೆ ಬರಬಹುದು ಎಂದು ನಾನು ಮೋಡ ನೋಡಿ ಹೇಳಿದರೆ, ಕಳೆದ ಸಲ ಹೀಗೆ ಹೇಳಿದಾಗ ಬಂದಿತ್ತೇ ಎಂದು ಕೇಳುತ್ತಾಳೆ. ಮದುವೆಗೆ ಮುಂಚೆ ಅವಳ ಕೈಗಡಿಯಾರ ರಿಪೇರಿ ಮಾಡಿಕೊಟ್ಟಾಗಲೂ ಅಷ್ಟೇ. “ಇನ್ಮೇಲೆ ದಿನಕ್ಕೆ ಐದು ಸೆಕೆಂಡಿಗಿಂತ ಹೆಚ್ಚು ಹಿಂದೆ ಮುಂದೆ ಆಗಲ್ಲ” ಎಂದಿದ್ದೆ. ಅವಳು ಏಳು ದಿನ ರೇಡಿಯೋ ಸಮಯದ ಜೊತೆ ಹೋಲಿಸಿ ನೋಡಿ, ಒಂದು ಹಾಳೆಯಲ್ಲಿ ಗೆರೆ ಎಳೆದು ತಂದು ನನ್ನ ಕೌಂಟರಿನ ಮೇಲಿಟ್ಟಳು. “ನಾಲ್ಕು ಸೆಕೆಂಡು. ನೀವು ಸುಳ್ಳು ಹೇಳ್ಲಿಲ್ಲ” ಎಂದಳು. ನಾನು ಆ ಗಳಿಗೆಯಲ್ಲೇ ಬಿದ್ದುಹೋದೆ. ಅವಳು ಒಪ್ಪಿಕೊಳ್ಳಲು ಮತ್ತೆರಡು ವರ್ಷ ತೆಗೆದುಕೊಂಡಳು. ಆ ಎರಡು ವರ್ಷ ನನ್ನ ಮೇಲೆ ಏನೇನು ಪರೀಕ್ಷೆ ನಡೆಸಿದಳೋ, ಇವತ್ತಿಗೂ ಬಾಯಿಬಿಟ್ಟಿಲ್ಲ.

ಅವಳು ಭೌತಶಾಸ್ತ್ರಜ್ಞೆ, ನಾನು ಗಡಿಯಾರ ರಿಪೇರಿಯವನು. ಇಬ್ಬರೂ ಕಣ್ಣಿಗೆ ಗಾಜು ಹಚ್ಚಿಕೊಂಡು ಸಣ್ಣ ವಸ್ತುಗಳ ಮೇಲೆ ಬಗ್ಗಿ ಬೆನ್ನು ಹಾಳುಮಾಡಿಕೊಂಡವರೇ. ಆದರೆ ನನ್ನ ಅಂಗಡಿಯ ಅತಿ ಚಿಕ್ಕ ಸ್ಕ್ರೂ ಅವಳ ಲೆಕ್ಕದಲ್ಲಿ ಬೆಟ್ಟ. ತಲೆಗೂದಲೊಂದನ್ನು ಲಕ್ಷ ಸೀಳು ಮಾಡಿದರೆ ಒಂದು ಸೀಳು ಎಷ್ಟು ದಪ್ಪವೋ ಅಷ್ಟು ತೆಳ್ಳಗಿನ ಪದರಗಳ ಮೇಲೆ ಅವಳ ಕೆಲಸ. ಅವನ್ನು ಮಾಡುವ ಬಗೆ ಕೇಳಿದರೆ ನೀವು ನಗುತ್ತೀರಿ. ಬೂದುಬಣ್ಣದ ಒಂದು ಹರಳಿಗೆ ಸ್ಟೇಷನರಿ ಅಂಗಡಿಯ ಅಂಟುಟೇಪು ಅಂಟಿಸಿ ಕೀಳುವುದು, ಮತ್ತೆ ಅಂಟಿಸಿ ಕೀಳುವುದು, ಹೀಗೆ ತೆಳ್ಳಗಾಗುವ ತನಕ. ಆಮೇಲೆ ಟೇಪಿನಲ್ಲಿ ಉಳಿದದ್ದನ್ನು ಉಗುರಿನಗಲದ ಸಿಲಿಕಾನ್ ಬಿಲ್ಲೆಯ ಮೇಲೆ ಒತ್ತಿ, ಬಿಲ್ಲೆಯನ್ನು ಚಿಮಟದಲ್ಲಿ ಹಿಡಿದು, ಹೀಲಿಯಂ ತುಂಬಿದ ಯಂತ್ರದೊಳಕ್ಕೆ ಇಳಿಸುತ್ತಾಳೆ. ಅಲ್ಲಿ ಸೊನ್ನೆಗಿಂತ ಇನ್ನೂರ ಅರವತ್ತೊಂಬತ್ತು ಡಿಗ್ರಿ ಕೆಳಗಿನ ಚಳಿ. ಆ ಚಳಿಯಲ್ಲಿ ಪದರದೊಳಗೆ ಎಲೆಕ್ಟ್ರಾನುಗಳು ಹೇಗೆ ಸಾಗುತ್ತವೆ, ಕಾಂತತೆ ಅವುಗಳನ್ನು ಹೇಗೆ ಆಡಿಸುತ್ತದೆ ಎಂಬುದೇ ಅವಳ ಸಂಶೋಧನೆ.

ಇಷ್ಟನ್ನು ನಾನು ಅರ್ಥಮಾಡಿಕೊಳ್ಳಲು ಹತ್ತು ವರ್ಷ ಹಿಡಿಯಿತು. ನಮ್ಮ ಜೊತೆಗಿರುವ ಅವಳ ತಾಯಿ, ನನ್ನ ಅತ್ತೆಗೆ ಮಾತ್ರ ಒಂದೇ ದಿನದಲ್ಲಿ ಎಲ್ಲ ತಿಳಿಯಿತು. ಎಲೆಕ್ಟ್ರಾನು ಒಂದೇ ದಾರಿ ಹಿಡಿದು ಹೋಗುವುದಿಲ್ಲ, ಇರುವ ದಾರಿಗಳಲ್ಲೆಲ್ಲ ಒಟ್ಟಿಗೇ ಹೋಗುತ್ತದೆ ಎಂದು ಮಗಳು ಊಟದ ಮೇಜಿನ ಮೇಲೆ ಚಮಚಗಳನ್ನಿಟ್ಟು ವಿವರಿಸಿದಾಗ, ಅತ್ತೆ ತಲೆಯಾಡಿಸಿ, “ನೀನೂ ಚಿಕ್ಕವಳಿದ್ದಾಗ ಹಾಗೇ ಅಲ್ವೇನೇ ಪುಟ್ಟಿ? ಎದುರಿಗಿರೋ ಅಂಗಡಿಗೆ ಕಳ್ಸಿದ್ರೆ ಇರೋಬರೋ ಬೀದೀನೆಲ್ಲ ಸುತ್ಕೊಂಡು ಬರ್ತಿದ್ದೆ” ಎಂದರು. ಪುಟ್ಟಿಗೆ ಆಗ ನಲವತ್ಮೂರು ವರ್ಷ. ಅವಳು ಚಮಚಗಳನ್ನು ಎತ್ತಿಟ್ಟು ಊಟ ಮಾಡಿದಳು.

ಇನ್ನು ಚಿಮಟದ ವಿಷಯ. ಲ್ಯಾಬಿನಲ್ಲಿ ಕೊಡುವ ಚಿಮಟಗಳ ಮೂತಿ ಮೊಂಡು, ಬಿಲ್ಲೆ ಜಾರುತ್ತದೆ ಎಂದು ಅವಳು ಗೊಣಗುತ್ತಿದ್ದಳು. ನಮ್ಮ ಮದುವೆಗೆ ಹತ್ತು ವರ್ಷ ತುಂಬುವುದಿತ್ತು. ನನ್ನ ಹತ್ತಿರ ಒಂದು ಒಳ್ಳೆಯ ಜಾತಿಯ ಸ್ಟೀಲ್ ಪಟ್ಟಿಯಿತ್ತು. ತುಕ್ಕು ಹಿಡಿಯದ್ದು, ಆಯಸ್ಕಾಂತಕ್ಕೆ ಅಂಟದ್ದು. ಅಂಟುವುದಿಲ್ಲ ಎಂಬುದನ್ನು ಆಯಸ್ಕಾಂತ ಇಟ್ಟು ನೋಡಿಯೇ ಕೆಲಸ ಶುರುಮಾಡಿದೆ. ಮೂರು ಭಾನುವಾರ ಅರದಿಂದ ತಿಕ್ಕಿದೆ. ತುದಿ ಸೂಜಿಯಷ್ಟು ಸಣ್ಣಗಾಗಲಿ ಎಂದು, ಬೆಂಕಿಗೆ ಹಿಡಿಯದೆ, ಸಣ್ಣ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ತೆಳ್ಳಗೆ ಮಾಡಿದೆ. ಅಷ್ಟು ಮುತುವರ್ಜಿ ನಾನು ಯಾವ ಗಿರಾಕಿಯ ಗಡಿಯಾರಕ್ಕೂ ತೋರಿಸಿದವನಲ್ಲ.

“ಇದು ಆಯಸ್ಕಾಂತಕ್ಕೆ ಅಂಟಲ್ಲ ಕಣೇ, ನಿನ್ನ ಕೆಲ್ಸಕ್ಕೆ ತಕ್ಕದ್ದು” ಎಂದು ಕೊಟ್ಟೆ.

ಅವಳು ಅದರ ತುದಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಏನಾದರೊಂದು ಪರೀಕ್ಷೆ ಮಾಡುತ್ತಾಳೆಂದು ನಾನು ಕಾದೆ. ಮಾಡಲಿಲ್ಲ. ಜೇಬಿಗೆ ಹಾಕಿಕೊಂಡು ಲ್ಯಾಬಿಗೆ ಹೊರಟಳು. ನನ್ನ ಮಾತನ್ನು ಮರುಮಾತಿಲ್ಲದೆ ನಂಬಿದ್ದು ಅದೇ ಮೊದಲು. ಆ ದಿನ ನಾನು ಅಂಗಡಿಯಲ್ಲಿ ಸಿಳ್ಳೆ ಹಾಕುತ್ತಾ ಕೂತಿದ್ದೆ.

ಎರಡು ತಿಂಗಳಿಗೆ ಅವಳು ಓಡಿ ಬಂದಳು. ಆ ಬೂದು ಹರಳಿಗೆ ಕಾಂತಗುಣ ಇಲ್ಲವೆಂದು ಎಲ್ಲರಿಗೂ ಗೊತ್ತು. ಆದರೆ ಅವಳ ತೆಳು ಪದರಗಳನ್ನು ಅಳತೆಗಿಟ್ಟರೆ ಕಾಗದದ ಮೇಲೆ ಒಂದು ಸಣ್ಣ ಕುಣಿಕೆ ಮೂಡುತ್ತಿತ್ತು. ಆಯಸ್ಕಾಂತದ ಬಲ ಏರಿಸುವಾಗ ಗೆರೆ ಒಂದು ದಾರಿಯಲ್ಲಿ ಹೋಗಿ, ಇಳಿಸುವಾಗ ಬೇರೆ ದಾರಿಯಲ್ಲಿ ವಾಪಸಾಗುವುದು. ಒಂದು ವಸ್ತು ತಾನೇ ಆಯಸ್ಕಾಂತವಾಗಿದೆ ಎಂಬುದಕ್ಕೆ ಅದೇ ಗುರುತು. ದಪ್ಪಗಿದ್ದಾಗ ಸುಮ್ಮನಿರುವ ವಸ್ತು ತೆಳ್ಳಗಾದ ಕೂಡಲೇ ಎದ್ದು ಕೂತಿತು ಎಂದು ಅವಳು ಅಡುಗೆಮನೆಯಲ್ಲಿ ಕುಣಿದಳು. ನಾನೂ ಕುಣಿದೆ. ಅತ್ತೆ ಒಲೆ ಆರಿಸಿದರು.

ಒಂದೇ ಒಂದು ವಿಚಿತ್ರವಿತ್ತು. ಕುಣಿಕೆ ಬರುತ್ತಿದ್ದುದು ಅವಳು ತಾನೇ ತಯಾರಿಸಿದ ಬಿಲ್ಲೆಗಳಲ್ಲಿ ಮಾತ್ರ. ಅವಳ ಕೈಕೆಳಗೆ ಸಂಶೋಧನೆ ಮಾಡುವ ಒಬ್ಬಳಿದ್ದಳು. ಹತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿ, ಆಮೇಲೆ ಆಸೆಪಟ್ಟು ಓದಲು ಬಂದ ಹೆಂಗಸು. ಅದೇ ಹರಳು, ಅದೇ ಟೇಪು, ಅದೇ ಯಂತ್ರ. ಆದರೆ ಅವಳ ಬಿಲ್ಲೆಗಳಲ್ಲಿ ಗೆರೆ ಸಪಾಟಾಗಿ ಮಲಗಿರುತ್ತಿತ್ತು. ಲ್ಯಾಬಿನವರು ಅವಳನ್ನು ಸಪಾಟಮ್ಮ ಎಂದು ಕರೆಯತೊಡಗಿದರು. ಅವಳೂ ನಕ್ಕು ಓಗೊಡುತ್ತಿದ್ದಳು. ಇನ್ನು ನನ್ನ ಹೆಂಡತಿಯದು ಕೈಗುಣ ಎಂದಾಯಿತು. ಕೆಲವು ವೈದ್ಯರ ಕೈಗೆ ರೋಗ ಬೇಗ ವಾಸಿಯಾಗುತ್ತದೆ ಎನ್ನುವುದಿಲ್ಲವೇ, ಹಾಗೆ. ಜಾತಕವೆಂದರೆ ಮೂಗು ಮುರಿಯುವ ದೊಡ್ಡ ದೊಡ್ಡ ವಿಜ್ಞಾನಿಗಳು ಟೀ ಕುಡಿಯುತ್ತಾ, “ಮೇಡಂ ಕೈಗುಣ ಅಂದ್ರೆ ಕೈಗುಣ” ಎಂದು ತಲೆದೂಗುತ್ತಿದ್ದರಂತೆ. ಇದನ್ನು ಕೇಳಿ ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. ನಗಬಾರದಿತ್ತು.

ವರ್ಷ ಕಳೆಯುವಷ್ಟರಲ್ಲಿ ಪ್ರಬಂಧ ಸಿದ್ಧವಾಯಿತು. ಹೊರಗಿನಿಂದ ಬರುವ ವಿಜ್ಞಾನಿಗಳ ಮುಂದೆ ಅವಳು ಅದನ್ನು ಒಂದು ಶುಕ್ರವಾರ ಓದುವುದು, ಆ ಮಧ್ಯಾಹ್ನವೇ ಪತ್ರಿಕೆಗೆ ಕಳಿಸುವುದು ಎಂದು ನಿಶ್ಚಯವಾಯಿತು. ಪ್ರಬಂಧದ ಕೊನೆಯಲ್ಲಿ ಕೃತಜ್ಞತೆಯ ಸಾಲುಗಳಿರುತ್ತವೆ. ಅದರಲ್ಲಿ ಕಟ್ಟಕಡೆಯದನ್ನು ಅವಳು ನನಗೆ ಓದಿ ಹೇಳಿದಳು: “ಉತ್ತಮವಾದ ಚಿಮಟವನ್ನು ಮಾಡಿಕೊಟ್ಟ ಗಡಿಯಾರದವರಿಗೆ.” ಮರುದಿನದಿಂದ ಯಾರೇ ಗಡಿಯಾರಕ್ಕೆ ಬ್ಯಾಟರಿ ಹಾಕಿಸಲು ಬಂದರೂ ನಾನು ಕ್ವಾಂಟಮ್ ಲೋಕದಿಂದಲೇ ಮಾತು ಶುರುಮಾಡುತ್ತಿದ್ದೆ. ಒಬ್ಬ ಪೋಸ್ಟ್‌ಮ್ಯಾನ್ ಅಂಗಡಿ ಬದಲಾಯಿಸಿದ.

ಆ ವಾರದ ಮಂಗಳವಾರ. ಅವಳ ಕೈಗಡಿಯಾರ ದಿನಕ್ಕೆ ಎರಡು ನಿಮಿಷ ಮುಂದೆ ಓಡುತ್ತಿತ್ತು. ಒಳಗಿನ ಸುರುಳಿ ಸ್ಪ್ರಿಂಗು ಕಾಂತತೆ ಹಿಡಿದರೆ ಹಾಗಾಗುತ್ತದೆ. ಯಂತ್ರದ ಕೋಣೆಗೆ ಕೈಗಡಿಯಾರ ಕಟ್ಟಿಕೊಂಡು ಬರಬೇಡಿ ಎಂದು ಬಾಗಿಲ ಮೇಲೆ ಬರೆದು ಅಂಟಿಸಿದವಳೂ ಅವಳೇ, ಕಟ್ಟಿಕೊಂಡು ಹೋಗುವವಳೂ ಅವಳೇ. ನಾನು ಕಾಂತತೆ ತೆಗೆದು, ಮಧ್ಯಾಹ್ನ ಅದನ್ನು ಕೊಡಲು ಲ್ಯಾಬಿಗೆ ಹೋದೆ. ಅವಳು ಹೀಲಿಯಂ ತುಂಬಿಸುವ ಕೋಣೆಯಲ್ಲಿದ್ದಳು. ಸಪಾಟಮ್ಮ ಕುರ್ಚಿ ಕೊಟ್ಟಳು. ಅವಳ ಕೈಯಲ್ಲೊಂದು ಪ್ಲಾಸ್ಟಿಕ್ ಚಿಮಟವಿತ್ತು.

“ಇದ್ಯಾಕಮ್ಮ ಇಂಥದ್ದು? ನಾನು ಮಾಡ್ಕೊಟ್ಟಿದ್ದು ಇದೆಯಲ್ಲ?”

“ಅದನ್ನ ಮೇಡಂ ಯಾರಿಗೂ ಮುಟ್ಟೋಕೆ ಬಿಡಲ್ಲ ಸರ್.” ಅವಳು ನಕ್ಕಳು, ಆಮೇಲೆ ನಗುವುದನ್ನು ನಿಲ್ಲಿಸಿದಳು. “ಒಂದ್ಮಾತು ಸರ್, ಮೇಡಂಗೆ ಇನ್ನೂ ಹೇಳಿಲ್ಲ. ತಿಂಗಳ ಕೊನೇಲಿ ನಾನು ಮತ್ತೆ ಸ್ಕೂಲಿಗೇ ಹೋಗ್ತೀನಿ. ನಲವತ್ತೊಂದು ಬಿಲ್ಲೆ ಮಾಡ್ದೆ. ಒಂದರಲ್ಲೂ ಬರ್ಲಿಲ್ಲ. ನನ್ನ ಕೈಯೇ ಸರಿ ಇಲ್ಲ.”

ಸುಮ್ಮನೆ ಕೂರಲಾಗದೆ ಕೆಲಸಕ್ಕೆ ಕೈಹಾಕಿದೆ. ರಿಪೇರಿಯಾದ ಗಡಿಯಾರವನ್ನು ಕೊಡುವ ಮುಂಚೆ ಅದರಲ್ಲಿ ಕಾಂತತೆ ಉಳಿದಿಲ್ಲವೆಂದು ನೋಡಲು ನಾನು ಜೇಬಿನಲ್ಲಿ ಗುಂಡಿಯಷ್ಟು ಚಿಕ್ಕ ಕಂಪಾಸು ಇಟ್ಟುಕೊಂಡಿರುತ್ತೇನೆ. ಅದನ್ನು ಹೆಂಡತಿಯ ಮೇಜಿನ ಮೇಲಿಟ್ಟೆ. ಮುಳ್ಳು ಒಂದು ಸುತ್ತು ಹೊಯ್ದಾಡಿ ನಿಂತಿತು. ಗಡಿಯಾರದ ಕಡೆಗಲ್ಲ. ಪಕ್ಕದ ಗಾಜಿನ ತಟ್ಟೆಯಲ್ಲಿ ಮಲಗಿದ್ದ ನನ್ನ ಚಿಮಟದ ಕಡೆಗೆ.

ಕಂಪಾಸನ್ನು ಆ ಬದಿಗೆ ಸರಿಸಿದೆ. ಮುಳ್ಳು ತಿರುಗಿ ಮತ್ತೆ ಚಿಮಟದ ತುದಿಯನ್ನೇ ನೋಡಿತು. ಕಂಪಾಸನ್ನು ಜೇಬಿಗಿಳಿಸಿ, ಗಡಿಯಾರವನ್ನು ಅಲ್ಲೇ ಬಿಟ್ಟು, ಟೀ ಬೇಡವೆಂದು ಹೇಳಿ ಹೊರಟುಬಂದೆ.

ಅಂಗಡಿಗೆ ಬಂದವನೇ ಅದೇ ಸ್ಟೀಲ್ ಪಟ್ಟಿಯ ಉಳಿದ ತುಂಡನ್ನು ಹುಡುಕಿ ತೆಗೆದೆ. ಕಂಪಾಸಿನ ಹತ್ತಿರ ಹಿಡಿದೆ, ಮುಳ್ಳು ಅಲುಗಲಿಲ್ಲ. ಸುತ್ತಿಗೆಯಲ್ಲಿ ಅದರ ತುದಿಯನ್ನು ತೆಳ್ಳಗಾಗುವ ತನಕ ತಟ್ಟಿ, ಮತ್ತೆ ಹಿಡಿದೆ. ಮುಳ್ಳು ತಿರುಗಿತು. ಈ ಜಾತಿಯ ಸ್ಟೀಲು ತಣ್ಣಗಿರುವಾಗ ಪೆಟ್ಟು ತಿಂದರೆ ಗುಣ ಬದಲಾಯಿಸುತ್ತದೆ, ಪೆಟ್ಟು ಬಿದ್ದ ಕಡೆ ಕಾಂತತೆಗೆ ಒಲಿಯುತ್ತದೆ. ಕೆಲಸ ಕಲಿಯುವಾಗ ನನ್ನ ಗುರುಗಳು ಹೇಳಿದ್ದರು. ನೆನಪಿರಲಿಲ್ಲವೆಂದಲ್ಲ. ಉಡುಗೊರೆಯ ಸಂಭ್ರಮದಲ್ಲಿ ನೆನಪಾಗಲಿಲ್ಲ. ಅಷ್ಟು ಚೆನ್ನಾಗಿ ಮಾಡಲು ಹೋಗದೆ, ಮೊಂಡುಮೂತಿಯಲ್ಲೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಚಿಮಟ ಬಿಲ್ಲೆಯ ಅಂಚನ್ನು ಕಚ್ಚಿದಾಗಲೆಲ್ಲ ಕಣ್ಣಿಗೆ ಕಾಣದಷ್ಟು ಸ್ಟೀಲಿನ ಪುಡಿ ಅಲ್ಲಿ ಉಳಿದಿರಬೇಕು. ಅವಳ ಯಂತ್ರಕ್ಕೆ ಅಷ್ಟು ಸಾಕು.

ಆ ದಿನ ನಾನು ಯೋಚಿಸಿದ್ದನ್ನೆಲ್ಲ ಮುಚ್ಚಿಡದೆ ಹೇಳುತ್ತೇನೆ. ನಾನು ಬಾಯಿಗೆ ಬೀಗ ಹಾಕಿಕೊಂಡರೆ ಶುಕ್ರವಾರ ಅವಳಿಗೆ ಚಪ್ಪಾಳೆ. ಪ್ರಬಂಧದಲ್ಲಿ ನನ್ನ ಸಾಲು ಉಳಿಯುತ್ತದೆ. ಬಾಯಿಬಿಟ್ಟರೆ ಅವಳ ಒಂದು ವರ್ಷ ಮಣ್ಣುಪಾಲು, ಅದೂ ನನ್ನ ಕೈಯಿಂದ. ಅವಳ ಲೋಕದೊಳಗೆ ನನ್ನದೆಂದು ಇದ್ದದ್ದು ಆ ಒಂದು ಚಿಮಟ. ಅದೇ ಕಳ್ಳನೆಂದು ನಾನೇ ಹೋಗಿ ದೂರು ಕೊಡಬೇಕಿತ್ತು. ನನಗೆ ಹೆದರಿಕೆಯಾಯಿತು, ನಾಚಿಕೆಯೂ ಆಯಿತು. ಸಂಜೆ ಊಟದ ಹೊತ್ತಿಗೆ ನಾನು ತಲೆ ಎತ್ತಲಿಲ್ಲ. ಅತ್ತೆ, “ಏನ್ ಅಳಿಯಂದ್ರೇ, ತಟ್ಟೇಲೇನಾದ್ರೂ ಸ್ಕ್ರೂ ಬಿದ್ದಿದ್ಯಾ?” ಎಂದರು.

ಆದರೆ ‘ನನ್ನ ಕೈಯೇ ಸರಿ ಇಲ್ಲ’ ಎಂದ ಆ ಹೆಂಗಸಿನ ಮುಖ ಕಣ್ಣ ಮುಂದಿನಿಂದ ಹೋಗಲಿಲ್ಲ. ಬುಧವಾರ ಬೆಳಿಗ್ಗೆ, ಹೆಂಡತಿ ಒಂದು ಕೈಯಲ್ಲಿ ಟೀ, ಇನ್ನೊಂದು ಕೈಯಲ್ಲಿ ಭಾಷಣದ ಹಾಳೆ ಹಿಡಿದು ಮನೆಯೊಳಗೆ ಅತ್ತಿಂದಿತ್ತ ನಡೆಯುತ್ತಿದ್ದಾಗ ನಾನು ಗಂಟಲು ಸರಿಮಾಡಿಕೊಂಡೆ.

“ನಿನ್ನ ಕೈಗುಣ ಅಲ್ಲ ಕಣೇ ಅದು. ನನ್ನ ಚಿಮಟ.”

“ಏನ್ರೀ ಅದು, ಬೆಳಬೆಳಿಗ್ಗೆ?”

“ಚಿಮಟ ಕಾಂತತೆ ಹಿಡ್ದಿದೆ. ಕಂಪಾಸಿಟ್ಟು ನೋಡ್ದೆ.”

ಅವಳು ನಕ್ಕಳು. “ಸರಿಹೋಯ್ತು, ಇನ್ನು ನನಗೆ ಕಾಂತತೆ ಪಾಠ ನೀವು ಹೇಳಿ. ಅಂಟಲ್ಲ ಅಂತ ನೀವೇ ಅಲ್ವಾ ಹೇಳಿದ್ದು?”

“ಹೇಳಿದ್ದೆ. ಬಡಿಯೋಕೆ ಮುಂಚೆ ನೋಡಿದ್ದೆ. ಬಡಿದ್ಮೇಲೆ ನೋಡ್ಲಿಲ್ಲ.”

ಅವಳ ನಗು ಅಲ್ಲೇ ನಿಂತಿತು. ನಾನು ಮತ್ತೇನೂ ವಿವರಿಸಬೇಕಾಗಿರಲಿಲ್ಲ. ಲೋಟವನ್ನು ಮೇಜಿನ ಮೇಲಿಟ್ಟು, ಚೀಲ ಎತ್ತಿಕೊಂಡು, ಚಪ್ಪಲಿ ಮೆಟ್ಟಿ ಹೊರಟುಹೋದಳು. ಭಾಷಣದ ಹಾಳೆಗಳು ಟೀ ಲೋಟದ ಪಕ್ಕದಲ್ಲೇ ಉಳಿದವು.

ಆ ದಿನ ಸಂಜೆ ಅವಳು ಬಂದು ಊಟ ಮಾಡಿ, ನೇರ ಮಲಗಲು ಹೋದಳು. ಗುರುವಾರ ಮೂರು ಗಂಟೆಯ ಹೊತ್ತಿಗೆ ನನ್ನ ಅಂಗಡಿಗೆ ಬಂದು, ಗಿರಾಕಿಗಳ ಸ್ಟೂಲಿನ ಮೇಲೆ ಕೂತಳು. ಒಂದು ಹಾಳೆಯನ್ನು ಕೌಂಟರಿನ ಮೇಲಿಟ್ಟಳು. ಹಾಳೆಯಲ್ಲಿ ಎರಡು ಗೆರೆ. ಒಂದು ಸಪಾಟು, ಇನ್ನೊಂದು ಕುಣಿಕೆ.

“ಎರಡೂ ಖಾಲಿ ಬಿಲ್ಲೆ” ಎಂದಳು. “ಹರಳಿಲ್ಲ, ಪದರ ಇಲ್ಲ, ಏನೂ ಇಲ್ಲ. ಒಂದನ್ನ ಪ್ಲಾಸ್ಟಿಕ್ ಚಿಮಟದಲ್ಲಿ ಹಿಡ್ದೆ, ಇನ್ನೊಂದನ್ನ ನಿಮ್ಮ ಚಿಮಟದಲ್ಲಿ. ಅಷ್ಟೇ.”

ನಾನು ಕುಣಿಕೆಯನ್ನೇ ನೋಡುತ್ತಿದ್ದೆ. ಒಂದು ವರ್ಷದಿಂದ ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಅದೇ ಕುಣಿಕೆ.

“ಒಂದು ವರ್ಷ ನಾನು ನಿಮ್ಮ ಚಿಮಟಾನ ಅಳೀತಾ ಕೂತಿದ್ದೆ ರೀ.” ಅವಳು ನಗಲು ಹೋದಳು, ಅಳು ಬಂತು. “ಟೇಪು ಪರೀಕ್ಷೆ ಮಾಡ್ದೆ. ಅಂಟು ಪರೀಕ್ಷೆ ಮಾಡ್ದೆ. ಗಾಜಿನ ತಟ್ಟೇನೂ ಬಿಡ್ಲಿಲ್ಲ. ನೀವು ಹೇಳಿದ ಒಂದ್ಮಾತನ್ನ ಮಾತ್ರ ಬಿಟ್ಟೆ.”

ನಾನು ಕೌಂಟರ್ ದಾಟಿ ಬಂದು ಅವಳ ಪಕ್ಕ ನಿಂತೆ. ತಪ್ಪಾಯಿತು ಎಂದೆ. ಅವಳು ಕಣ್ಣೊರೆಸಿಕೊಂಡು ನನ್ನ ಮುಖ ನೋಡಿದಳು.

“ಶುಕ್ರವಾರ ಕಳೆದ್ಮೇಲೆ ಹೇಳ್ಬಹುದಿತ್ತು. ಹೇಳ್ದೇನೂ ಇರ್ಬಹುದಿತ್ತು. ಯಾಕೆ ಹೇಳಿದ್ರಿ?”

“ನಾಲ್ಕು ಸೆಕೆಂಡು ಅಂತ ಹಾಳೇಲಿ ಗೆರೆ ಎಳ್ಕೊಂಡು ಬಂದಿದ್ದೆಯಲ್ಲ, ಅವತ್ತು. ಅದಕ್ಕೆ.”

ಅವಳು ಮೂಗು ಒರೆಸಿಕೊಂಡು, “ಅದೂ ಒಂದು ವಾರದ್ದು ಅಷ್ಟೇ. ತಿಂಗಳಿಡೀ ನೋಡ್ಬೇಕಿತ್ತು” ಎಂದಳು. ನನಗೆ ಆಗ ಜೀವ ಬಂತು. ನನ್ನ ಕಾಲೆಳೆಯುವಷ್ಟು ಉಸಿರು ಅವಳಲ್ಲಿ ಉಳಿದಿತ್ತು.

ಶುಕ್ರವಾರ ಸಭಾಂಗಣದ ಹಿಂದಿನ ಸಾಲಿನಲ್ಲಿ ನಾನೂ ಅತ್ತೆಯೂ ಕೂತೆವು. ಹೆಂಡತಿ ವೇದಿಕೆ ಹತ್ತಿ, ತಾನು ಒಂದು ಹೊಸ ಕಾಂತವಸ್ತುವಿನ ಬಗ್ಗೆ ಮಾತಾಡುವುದಾಗಿ ಆಹ್ವಾನಪತ್ರದಲ್ಲಿ ಅಚ್ಚಾಗಿದೆ, ಆದರೆ ಅಂಥ ವಸ್ತುವೇ ಇಲ್ಲ ಎಂದು ಶುರುಮಾಡಿದಳು. ಸಭೆಯಲ್ಲಿ ಗುಸುಗುಸು ಎದ್ದಿತು. ಅವಳು ತನ್ನ ಒಂದು ವರ್ಷದ ಕುಣಿಕೆಗಳನ್ನೆಲ್ಲ ಪರದೆಯ ಮೇಲೆ ತೋರಿಸಿ, ಕೊನೆಗೆ ಖಾಲಿ ಬಿಲ್ಲೆಯ ಕುಣಿಕೆ ತೋರಿಸಿದಳು. ಒಬ್ಬರು ನಕ್ಕರು, ಆಮೇಲೆ ಎಲ್ಲರೂ ನಕ್ಕರು. ಅವಳು ನಗು ಮುಗಿಯಲಿ ಎಂದು ಕಾದಳು. ಅವಳ ಕಿವಿ ಕೆಂಪಾದದ್ದು ನನಗೆ ಅಷ್ಟು ದೂರಕ್ಕೂ ಕಂಡಿತು.

“ನಮ್ಮ ಗುಂಪಿನಲ್ಲಿ ಈ ವಸ್ತುವನ್ನ ಸರಿಯಾಗಿ ಅಳೆದವರು ಒಬ್ಬರೇ” ಎಂದಳು. “ನಲವತ್ತೊಂದು ಸಲ ಅಳೆದ್ರು. ನಲವತ್ತೊಂದು ಸಲವೂ ನಿಜವನ್ನೇ ತಂದ್ರು. ನಾವು ಅವರಿಗೆ ಅಡ್ಡಹೆಸರಿಟ್ಟು ನಕ್ಕೆವು. ನನಗೆ ನಾಚಿಕೆಯಾಗಿದೆ. ಇನ್ನು ಮುಂದಿನದನ್ನ ಅವರೇ ಹೇಳ್ತಾರೆ.”

ಸಪಾಟಮ್ಮ ಎದ್ದು ವೇದಿಕೆಗೆ ಹೋದಳು. ಮೊದಲೆರಡು ಮಾತಿಗೆ ತಡವರಿಸಿದಳು. ಆಮೇಲೆ ಹೈಸ್ಕೂಲಿನ ಹತ್ತು ವರ್ಷ ಸಹಾಯಕ್ಕೆ ಬಂತು. ಮಾತಾಡುತ್ತಿದ್ದ ಇಬ್ಬರು ಪ್ರಾಧ್ಯಾಪಕರನ್ನು ಒಂದೇ ನೋಟದಲ್ಲಿ ಸುಮ್ಮನಾಗಿಸಿದಳು. ಆ ಪದರದಲ್ಲಿ ಕಾಂತತೆ ಇಲ್ಲದಿರುವುದರಿಂದಲೇ ಎಲೆಕ್ಟ್ರಾನುಗಳು ಅದರೊಳಗೆ ಹೇಗೆ ಸಲೀಸಾಗಿ ಸಾಗುತ್ತವೆ ಎಂದು ತನ್ನ ಗೆರೆಗಳನ್ನಿಟ್ಟು ವಿವರಿಸಿದಳು. ಪ್ರಶ್ನೆಗಳು ಬಂದವು, ಉತ್ತರ ಕೊಟ್ಟಳು. ತಿಂಗಳ ಕೊನೆಗೆ ಸ್ಕೂಲಿಗೆ ಹೋಗುವ ಮಾತು ಅಲ್ಲಿಗೇ ನಿಂತಿತೆಂದು ಆಮೇಲೆ ತಿಳಿಯಿತು.

ಕಟ್ಟಕಡೆಯ ಸ್ಲೈಡು ಕೃತಜ್ಞತೆಯದು. ನನ್ನ ಸಾಲನ್ನು ಅಳಿಸಿರುತ್ತಾಳೆಂದು ನಾನು ಮೊದಲೇ ಮನಸ್ಸು ಗಟ್ಟಿಮಾಡಿಕೊಂಡಿದ್ದೆ. ಅಳಿಸಿರಲಿಲ್ಲ, ಬದಲಾಯಿಸಿದ್ದಳು: “ತಮ್ಮ ಚಿಮಟದ ತಪ್ಪನ್ನು ತಾವೇ ಹಿಡಿದು ತಂದುಕೊಟ್ಟ ಗಡಿಯಾರದವರಿಗೆ.”

ಯಾರೋ, ಯಾರದು ಆ ಗಡಿಯಾರದವರು ಎಂದು ಕೇಳಿದರು.

“ನಮ್ಮನೆಯವರು. ಹಿಂದಿನ ಸಾಲಲ್ಲಿ ಬಗ್ಗಿ ಚಪ್ಪಲಿ ಹುಡುಕ್ತಿದಾರಲ್ಲ, ಅವರೇ” ಎಂದಳು.

ನಾನು ಚಪ್ಪಲಿ ಹುಡುಕುತ್ತಿರಲಿಲ್ಲ, ಕಣ್ಣೊರೆಸಿಕೊಳ್ಳುತ್ತಿದ್ದೆ. ಅತ್ತೆ ಮೊಣಕೈಯಲ್ಲಿ ತಿವಿದು, “ಏಳಿ ಅಳಿಯಂದ್ರೇ, ಎಲ್ಲಾ ನೋಡ್ತಿದಾರೆ” ಎಂದರು. ಅವರ ಸೆರಗೂ ಒದ್ದೆಯಾಗಿತ್ತು.

ಮುಂದಿನ ಭಾನುವಾರ ನಾನು ಹಿತ್ತಾಳೆಯಲ್ಲಿ ಎರಡು ಚಿಮಟ ಮಾಡಿದೆ, ಹೆಂಡತಿಗೊಂದು, ಸಪಾಟಮ್ಮನಿಗೊಂದು. ಹಿತ್ತಾಳೆಯನ್ನು ಎಷ್ಟು ಬಡಿದರೂ ಅದು ಆಯಸ್ಕಾಂತದ ಸಹವಾಸಕ್ಕೆ ಹೋಗುವುದಿಲ್ಲ. ಹಳೆಯ ಚಿಮಟವನ್ನು ವಾಪಸು ಕೇಳಿದರೆ ಹೆಂಡತಿ ಕೊಡಲಿಲ್ಲ. ಅದು ನನ್ನದು, ನೀವು ಕೊಟ್ಟಿದ್ದು ಎಂದಳು. ಯಂತ್ರದ ಕೋಣೆಯ ಬಾಗಿಲ ಹೊರಗೆ ಮೊಳೆಗೆ ನೇತುಹಾಕಿದ್ದಾಳೆ, ಕೈಗಡಿಯಾರದ ಎಚ್ಚರಿಕೆಯ ಪಕ್ಕದಲ್ಲಿ.

ಸೋಮವಾರ ಇಬ್ಬರೂ ಅಂಗಡಿಗೆ ಬಂದರು. ನಾನು ಹೊಸ ಚಿಮಟವನ್ನು ಹೆಂಡತಿಯ ಮುಂದಿಟ್ಟು, “ಇದು ಅಂಟಲ್ಲ ಕಣೇ, ನಿಜವಾಗ್ಲೂ” ಎಂದೆ.

ಅವಳು ಅದನ್ನು ಜೇಬಿಗೆ ಹಾಕಿಕೊಳ್ಳಲಿಲ್ಲ. ಅಂಗೈ ಚಾಚಿದಳು. “ಕಂಪಾಸು ಕೊಡಿ.”

ಕೊಟ್ಟೆ. ಅವಳು ಚಿಮಟದ ತುದಿ, ಬುಡ, ಬೆನ್ನು ಎಲ್ಲವನ್ನೂ ನಿಧಾನವಾಗಿ ಮುಳ್ಳಿನ ಪಕ್ಕ ಸರಿಸಿದಳು. ಮುಳ್ಳು ಅಲುಗಲಿಲ್ಲ. ಒಂದು ವರ್ಷದ ಹಿಂದೆ ಅವಳು ಪರೀಕ್ಷಿಸದೆ ನಂಬಿದಾಗ ಆದದ್ದಕ್ಕಿಂತ ಹೆಚ್ಚು ಖುಷಿ ನನಗೆ ಈಗ ಆಯಿತು.

“ನೀವು ಸುಳ್ಳು ಹೇಳ್ಲಿಲ್ಲ” ಎಂದಳು.

ಸಪಾಟಮ್ಮ ತನ್ನ ಚಿಮಟವನ್ನು ಮುಂದೆ ಹಿಡಿದು, “ಮೇಡಂ, ಕಂಪಾಸು ಇತ್ಲಾಗೆ ಕೊಡಿ. ನಾನೂ ನೋಡ್ತೀನಿ” ಎಂದಳು.